ಚೀಟಿ ಮೇಡಂ ತಿದ್ದಿದ ಒಂದು ಸಾಲು

ಒಂದು ನಾಡಿನ ಜನ ಇನ್ನೊಂದು ನಾಡಿನ ಜನರನ್ನು ಮೊಟ್ಟಮೊದಲು ಕಂಡ ಗಳಿಗೆಯ ಚರಿತ್ರೆಯನ್ನು ತಮ್ಮ ಜೀವಮಾನದ ಅಧ್ಯಯನವಾಗಿ ಆರಿಸಿಕೊಂಡವರು ವಿರಳ. ಅಂಥ ಭೇಟಿಗಳಲ್ಲಿ ಹಲವು ಮುಗುಳ್ನಗೆಯಲ್ಲಿ ಆರಂಭವಾಗಿ ಹೆಣ ಹೂಳುವುದರಲ್ಲಿ ಮುಗಿದಿರುವುದರಿಂದ, ನೆಮ್ಮದಿಯಾಗಿ ನಿದ್ರೆ ಮಾಡಬಯಸುವ ವಿದ್ವಾಂಸರು ಆ ಕಡೆ ತಲೆಹಾಕುವುದಿಲ್ಲ. ಮೂವತ್ನಾಲ್ಕು ವರ್ಷ ಆ ಕಡೆಗೇ ಮುಖ ಮಾಡಿ ಕುಳಿತವರು, ಬಂದರಿನ ಎದುರಿನ ನಮ್ಮ ಸಂಗ್ರಹಾಲಯದಿಂದ ಇದೀಗ ನಿವೃತ್ತರಾಗಿರುವ ಪಾಲಕಿ, ನಮ್ಮೆಲ್ಲರ ಬಾಯಲ್ಲಿ ಚೀಟಿ ಮೇಡಂ. ಗಾಜಿನ ಕಪಾಟಿನಲ್ಲಿರುವ ಪ್ರತಿಯೊಂದು ವಸ್ತುವಿನ ವಿವರದ ಚೀಟಿಯನ್ನು ತಮ್ಮ ದುಂಡನೆಯ ಅಕ್ಷರದಲ್ಲಿ ಅವರೇ ಬರೆಯುತ್ತಿದ್ದುದರಿಂದ ಬಂದ ಹೆಸರು ಅದು. ಎದುರಿಗೇ ಹಾಗೆ ಕರೆದರೂ ಅವರು ಬೇಸರಪಟ್ಟುಕೊಂಡವರಲ್ಲ.

ಸೇವೆಗೆ ಸೇರಿದ ಹೊಸತರಲ್ಲಿ ಅವರಿಗೆ ಸಿಕ್ಕಿದ್ದು ಮರದ ಮೆಟ್ಟಿಲುಗಳ ಕೆಳಗಿನ ಇಕ್ಕಟ್ಟಾದ ಕೋಣೆ. ಶಾಲೆಯ ಮಕ್ಕಳು ದಡದಡನೆ ಮೇಲೆ ಹತ್ತುವಾಗಲೆಲ್ಲ ಮೇಜಿನ ಮೇಲೆ ಧೂಳು ಉದುರುತ್ತಿತ್ತು. ಮೇಲಧಿಕಾರಿಗಳಿಗೆ ಅರ್ಜಿ ಹಾಕುವ ಬದಲು ಅವರು ತಮ್ಮದೇ ಒಂದು ವ್ಯವಸ್ಥೆ ಮಾಡಿಕೊಂಡರು: ಮಕ್ಕಳು ಹತ್ತುವಾಗ ಓದುವುದು, ಅವರು ಇಳಿದುಹೋದ ಮೇಲೆ ಬರೆಯುವುದು. ಆ ಕೋಣೆಯಲ್ಲಿ ಎರಡನೇ ಕುರ್ಚಿಗೆ ಜಾಗವಿರಲಿಲ್ಲವಾದ್ದರಿಂದ, ಯಾರೇ ಬಂದರೂ ಅವರು ಎದ್ದು ನಿಂತೇ ಮಾತನಾಡಿಸುತ್ತಿದ್ದರು. ಬಂದವರು ಸಚಿವರೋ ಕಸ ಗುಡಿಸುವವರೋ ಎಂಬ ಭೇದ ಅದರಲ್ಲಿ ಇರಲಿಲ್ಲ.

ನಮ್ಮ ಬಡಗಿ ಒಮ್ಮೆ ಕಪಾಟು ಸರಿಸುವಾಗ ಸಾವಿರ ವರ್ಷದ ಹಳೆಯ ಹೂಜಿಯೊಂದನ್ನು ಕೆಡವಿ ಒಡೆದುಬಿಟ್ಟ. ಇನ್ನು ಕೆಲಸ ಹೋಯಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತಿದ್ದವನ ಪಕ್ಕದಲ್ಲಿ ಮೇಡಂ ನೆಲದ ಮೇಲೆಯೇ ಕುಳಿತು, ಮಧ್ಯಾಹ್ನವೆಲ್ಲ ಅವನೊಂದಿಗೆ ಚೂರುಗಳನ್ನು ಜೋಡಿಸಿದರು. ಆಮೇಲೆ ಚೀಟಿ ಬದಲಾಯಿತು: "ಹೂಜಿ. ಒಡೆದದ್ದು ಈ ಸಂಗ್ರಹಾಲಯದಲ್ಲಿ, ನಮ್ಮ ಕೈಯಿಂದ." ನಿರ್ದೇಶಕರು ಹೌಹಾರಿದರು. ಬಡಗಿಯ ಕೆಲಸ ಮಾತ್ರ ಉಳಿಯಿತು, ಏಕೆಂದರೆ 'ನಮ್ಮ' ಎಂದು ಬರೆದ ಮೇಲೆ ಒಬ್ಬನನ್ನೇ ಹಿಡಿದು ಶಿಕ್ಷಿಸುವುದು ಯಾರಿಗೂ ಸಾಧ್ಯವಾಗಲಿಲ್ಲ.

ಇಷ್ಟು ಕಟ್ಟುನಿಟ್ಟಿನ ಮೇಡಂ ಕೂಡ ಇಪ್ಪತ್ತೊಂಬತ್ತು ವರ್ಷ ಒಂದು ತಪ್ಪನ್ನು ಗಾಜಿನೊಳಗಿಟ್ಟು ಕಾದರೆಂಬುದನ್ನು ಇಲ್ಲಿ ಹೇಳಲೇಬೇಕು. ಹೇಳದಿದ್ದರೆ ಅವರೇ ನಮ್ಮನ್ನು ಕ್ಷಮಿಸುವುದಿಲ್ಲ.

ಮಹಡಿಯ ದೊಡ್ಡ ಕಪಾಟಿನಲ್ಲಿ ದೋಣಿ ನಡೆಸುವ ಏಳು ಹುಟ್ಟುಗಳಿದ್ದವು. ನೂರೈವತ್ತು ವರ್ಷಗಳ ಹಿಂದೆ ನಮ್ಮ ಬಂದರಿನ ಹಡಗೊಂದು ದೂರದ ದ್ವೀಪವೊಂದರ ಬಳಿ ಲಂಗರು ಹಾಕಿತು. ಅದುವರೆಗೆ ಹಡಗನ್ನೇ ಕಾಣದಿದ್ದ ದ್ವೀಪದವರು ಏಳು ದೋಣಿಗಳಲ್ಲಿ ಬಂದು, ಹಡಗು ಹತ್ತುವ ಮೊದಲು ತಮ್ಮ ಹುಟ್ಟುಗಳನ್ನು ಒಂದೊಂದಾಗಿ ಮೇಲಕ್ಕೆ ಕೊಟ್ಟರು. ಕಪ್ತಾನ ಸಂತೋಷದಿಂದ ಅವನ್ನು ಉಗ್ರಾಣಕ್ಕೆ ಹಾಕಿಸಿದ. ಊಟ, ನಗು, ಹಾಡು ಎಲ್ಲವೂ ಆದವು. ಆದರೆ ಅತಿಥಿಗಳು ಹೊರಡಲೊಲ್ಲದೆ ಕೈಚಾಚಿ ನಿಂತಾಗ ಅವರನ್ನು ದಬ್ಬಿ ಇಳಿಸಲಾಯಿತು. ಮರುದಿನ ಬೆಳಿಗ್ಗೆ ಅವರಲ್ಲಿ ಕೆಲವರು ಮರಳಿ ಬಂದು ಉಗ್ರಾಣಕ್ಕೆ ನುಗ್ಗಿದರು. ಕಳ್ಳರೆಂದು ಗುಂಡು ಹಾರಿಸಲಾಯಿತು. ಹಡಗಿನ ದಿನಚರಿ ಸತ್ತವರ ಹೆಸರು ಹೇಳುವುದಿಲ್ಲ, ಒಂಬತ್ತು ಎಂಬ ಅಂಕಿಯನ್ನಷ್ಟೇ ಹೇಳುತ್ತದೆ. ಇದನ್ನೆಲ್ಲ ಓದಿ ಮೇಡಂ ಬರೆದ ಚೀಟಿ: "ಹುಟ್ಟುಗಳು, ಏಳು. ದ್ವೀಪವಾಸಿಗಳ ಕಾಣಿಕೆ." ಸ್ನೇಹದಿಂದ ಕಾಣಿಕೆ ಕೊಟ್ಟವರು ಮರುದಿನವೇ ಏಕೆ ಮನಸ್ಸು ಬದಲಿಸಿದರೆಂಬುದರ ಮೇಲೆ ಅವರು ಬರೆದ ನಾನೂರು ಪುಟದ ಗ್ರಂಥ ದೊಡ್ಡ ಹೆಸರು ತಂದುಕೊಟ್ಟಿತು. ಕಾಲೇಜುಗಳಲ್ಲಿ ಅದನ್ನು ಪಠ್ಯವಾಗಿಯೂ ಇಟ್ಟರು.

ಹಡಗಿನ ಭೇಟಿಗೆ ನೂರೈವತ್ತು ತುಂಬುವ ವರ್ಷ 'ಕಾಣಿಕೆಯ ಉತ್ಸವ' ನಡೆಸಿ ದ್ವೀಪದವರನ್ನೇ ಕರೆಸಬೇಕೆಂದು ನಿರ್ದೇಶಕರು ನಿಶ್ಚಯಿಸಿದರು. ಭಾಷಣದ ಹೊಣೆ ಮೇಡಂ ಅವರದು. ಬರೆದದ್ದು ಕಿವಿಗೆ ಹೇಗೆ ಕೇಳುತ್ತದೆಂದು ನೋಡಲು ಅವರು ಬಾಗಿಲ ಬಳಿಯ ಚೀಲದ ಕೌಂಟರಿಗೆ ಹೋದರು. ಅಲ್ಲಿ ಕೂತಿರುವವರು ನಮ್ಮ ಟೋಕನ್ ಮಾವ. ಸಂದರ್ಶಕರ ಚೀಲ, ಛತ್ರಿಗಳನ್ನು ತೆಗೆದಿರಿಸಿಕೊಂಡು ಹಿತ್ತಾಳೆಯ ಟೋಕನ್ ಕೊಡುವುದು ಅವರ ಕೆಲಸ. ಹಡಗಿನ ದಿನಚರಿಯ ಒಂದು ಸಾಲಿನ ಹತ್ತಿರ ಮಾವ ಕೈಯೆತ್ತಿ ಅವರನ್ನು ತಡೆದರು. ಮೇಡಂ ಓದಿದ ಆ ಸಾಲು ಇದು: "ಆ ಸಂಜೆ ಅವರು ಬರಿಗೈಯಲ್ಲೇ ನೀರು ತಳ್ಳುತ್ತ ದಡಕ್ಕೆ ಹೋದರು, ನಮ್ಮವರು ಬಿದ್ದುಬಿದ್ದು ನಕ್ಕರು."

"ಅಲ್ಲಮ್ಮಾ, ಮನೆಗೆ ಹೋಗೋಕೆ ಬೇಕಾದ್ದನ್ನೇ ಯಾರಾದ್ರೂ ಕಾಣಿಕೆ ಕೊಡ್ತಾರಾ?" ಎಂದರು ಮಾವ. "ಹೋಗುವಾಗ ತಗೊಳ್ಳೋಣ ಅಂತ ಇಟ್ಟಿರ್ತಾರೆ, ಅಷ್ಟೆ. ದಿನಾ ಇಷ್ಟು ಜನ ನನ್ನ ಹತ್ರ ಛತ್ರಿ ಇಟ್ಟು ಹೋಗ್ತಾರಲ್ಲ, ಎಲ್ಲಾ ನನಗೇ ಕೊಟ್ಟಿದ್ದು ಅಂತ ಮನೆಗೆ ಹೊತ್ಕೊಂಡು ಹೋದ್ರೆ ಬಿಡ್ತಾರಾ?"

ಮೇಡಂ ಕೈಯಲ್ಲಿದ್ದ ಹಾಳೆಯನ್ನು ಮತ್ತೆ ನೋಡಿದರು. ಆ ಸಾಲನ್ನು ಅವರು ನೂರು ಸಲವಾದರೂ ಓದಿದ್ದರು. ಅದು ನಾವಿಕರ ಒರಟುತನಕ್ಕೆ ಸಾಕ್ಷಿಯೆಂದು ಗ್ರಂಥದಲ್ಲಿ ಅಡಿಟಿಪ್ಪಣಿಯನ್ನೂ ಹಾಕಿದ್ದರು. ನಕ್ಕವರನ್ನು ಗಮನಿಸಿದ್ದರೇ ಹೊರತು, ಬರಿಗೈಯಲ್ಲಿ ಹೋದವರನ್ನು ಗಮನಿಸಿರಲಿಲ್ಲ. ತಮ್ಮ ಮೇಲೆ ತಮಗೇ ಅಷ್ಟು ನಾಚಿಕೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲವೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ.

ಆ ಸಂಜೆಯೇ ಅವರು ದ್ವೀಪದ ಶಾಲೆಯ ಮೇಷ್ಟರಿಗೆ ಪತ್ರ ಬರೆದರು. ನಾಲ್ಕು ತಿಂಗಳ ನಂತರ ಬಂದ ಉತ್ತರದಲ್ಲಿ ಇದ್ದದ್ದು ಮೂರೇ ಸಾಲು. ನೆಂಟರು ಬಂದರೆ ಹುಟ್ಟನ್ನು ಮನೆಯವರ ಕೈಗೆ ಕೊಡುತ್ತಾರೆ. ಮನೆಯವರು ಅದನ್ನು ಎಲ್ಲರಿಗೂ ಕಾಣುವಂತೆ ಬಾಗಿಲಲ್ಲಿ ನಿಲ್ಲಿಸಿ, ಹೊರಡುವಾಗ ಹಿಂದಿರುಗಿಸುತ್ತಾರೆ. ನಿಮ್ಮ ಜೀವ ನಮ್ಮ ಜವಾಬ್ದಾರಿ ಎಂದು ಅದರ ಅರ್ಥ.

ಉತ್ಸವದ ಆಹ್ವಾನ ಪತ್ರಿಕೆಗಳು ಅಷ್ಟರಲ್ಲಿ ಅಚ್ಚಾಗಿದ್ದವು. ಮೇಡಂ ಪತ್ರವನ್ನು ಮುಂದಿಟ್ಟಾಗ ನಿರ್ದೇಶಕರು ತಲೆ ಚಚ್ಚಿಕೊಂಡರು. "ನಿಮ್ಮ ಪುಸ್ತಕನ ನೀವೇ ಸುಳ್ಳು ಅಂತೀರಾ? ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತೆ. ನಿವೃತ್ತಿ ಆಗೋವರೆಗಾದ್ರೂ ಸುಮ್ನಿರಿ."

"ಸುಳ್ಳಲ್ಲ ಸಾರ್, ತಪ್ಪು," ಎಂದರು ಮೇಡಂ. "ಗೊತ್ತಾದ ಮೇಲೂ ಸುಮ್ನಿದ್ರೆ ಸುಳ್ಳಾಗುತ್ತೆ."

ಅತಿಥಿಗಳು ಐವರು ಬಂದರು: ಒಬ್ಬ ಅಜ್ಜಿ, ಅವರ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ, ಮಾತು ತಿಳಿಸಿಕೊಡಲು ಶಾಲೆಯ ಮೇಷ್ಟರು. ಮೇಷ್ಟರನ್ನು ಬಿಟ್ಟು ಉಳಿದ ನಾಲ್ವರ ಕೈಯಲ್ಲೂ ಒಂದೊಂದು ಹುಟ್ಟಿತ್ತು. ಬಾಗಿಲಲ್ಲಿ ಅವರು ಅವನ್ನು ಚಾಚಿದ್ದೇ ತಡ, ಕಾವಲುಗಾರ ನಿಯಮದಂತೆ ನಾಲ್ಕನ್ನೂ ಬಾಚಿಕೊಂಡು ಒಳಗಿನ ಉಗ್ರಾಣದ ಕಡೆಗೆ ನಡೆದುಬಿಟ್ಟ. ಅಳಿಯ ಏನೋ ಕೂಗಿದ. ಅಜ್ಜಿ ಇದ್ದಲ್ಲೇ ಕಲ್ಲಾಗಿ ನಿಂತರು. ಅದೇ ಬಂದರಿನವರು, ಅದೇ ಉಗ್ರಾಣ, ಅದೇ ತಪ್ಪು. ಮೇಡಂ ಓಡಿದರು. ಐವತ್ತೆಂಟರ ಹೆಂಗಸು ಸಂಗ್ರಹಾಲಯದೊಳಗೆ ಹಾಗೆ ಓಡಿದ್ದನ್ನು ನಾವು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಾವಲುಗಾರನ ಕೈಯಿಂದ ಹುಟ್ಟುಗಳನ್ನು ಇಸಿದುಕೊಂಡು ಬಂದು, ಅಜ್ಜಿಯ ಕಣ್ಣೆದುರಿಗೆ ಮುಂಬಾಗಿಲಿಗೆ ಒಂದೊಂದಾಗಿ ಒರಗಿಸಿದರು. ಟೋಕನ್ ಮಾವ ಯಾರೂ ಹೇಳದೆಯೇ ತಮ್ಮ ಸ್ಟೂಲನ್ನು ಎತ್ತಿ ತಂದು ಅವುಗಳ ಪಕ್ಕದಲ್ಲಿ ಹಾಕಿಕೊಂಡರು. "ಒಳಗೆ ಹೋಗಿ ಬನ್ನಿ ಅಜ್ಜಿ, ನಾನು ಇಲ್ಲೇ ಇರ್ತೀನಿ," ಎಂದರು. ಮೇಷ್ಟರು ಅದನ್ನು ತಿಳಿಸಿ ಹೇಳಿದ ಮೇಲೆ ಅಜ್ಜಿ ಮೊದಲ ಮೆಟ್ಟಿಲು ಹತ್ತಿದರು.

ಮಹಡಿಯ ಮೇಲೆ, ತುಂಬಿದ ಸಭೆಯೆದುರು, ಮೇಡಂ ಕಪಾಟು ತೆರೆದು ಹಳೆಯ ಚೀಟಿಯನ್ನು ತೆಗೆದು ಹೊಸತನ್ನು ಓದಿದರು: "ಹುಟ್ಟುಗಳು, ಏಳು. ನಮ್ಮನ್ನು ನಂಬಿ ಕೊಟ್ಟದ್ದು. ನಾವು ಹಿಂದಿರುಗಿಸಲಿಲ್ಲ. ಇದನ್ನು ಕಾಣಿಕೆಯೆಂದು ತಪ್ಪಾಗಿ ಬರೆದವಳು ನಾನು." ಮುಂದಿನ ಸಾಲಿನಲ್ಲಿದ್ದ ಪ್ರಾಧ್ಯಾಪಕರೊಬ್ಬರು ಎದ್ದು ಹೊರನಡೆದರು.

ಅಜ್ಜಿ ಹುಟ್ಟುಗಳನ್ನು ಮುಟ್ಟಿ ನೋಡಿ, ಮೇಷ್ಟರ ಮೂಲಕ ಕೇಳಿದ್ದು ಒಂದೇ ಮಾತು: "ಸತ್ತವರ ಹೆಸರು ಹೇಳ್ತೀನಿ, ಬರ್ಕೊಳ್ತೀರಾ?" ಮೇಡಂ ಪೆನ್ನು ತೆಗೆದರು. ತಮ್ಮ ಮನೆತನದ ಮೂವರ ಹೆಸರು ಅಜ್ಜಿಗೆ ಗೊತ್ತಿತ್ತು. ಬರೆದದ್ದನ್ನು ಮೇಡಂ ಓದಿ ತೋರಿಸಿದಾಗ, ಅಷ್ಟು ಹೊತ್ತು ಬಿಗಿದಿದ್ದ ಆ ಮುಖ ಸಡಿಲವಾಯಿತು. ಅಜ್ಜಿ ಅತ್ತರು. ನಾವೂ ಅತ್ತೆವು, ಮುಚ್ಚಿಡುವುದೇನಿದೆ?

ಅದಾದ ಮೇಲಿನ ಕಥೆ ಕಾಗದಪತ್ರಗಳದ್ದು. ಗ್ರಂಥವನ್ನು ಪಠ್ಯದಿಂದ ತೆಗೆಯಿರೆಂದು ಮೇಡಂ ತಾವೇ ಬರೆದುಕೊಟ್ಟರು. ಹೊಸ ಮುನ್ನುಡಿಯೊಂದಿಗೆ, ತಪ್ಪಿನ ಸಮೇತ, ಅದನ್ನು ಹಾಗೆಯೇ ಓದಿಸುತ್ತೇವೆಂದು ಕಾಲೇಜಿನವರು ಪಟ್ಟುಹಿಡಿದರು. ಹುಟ್ಟುಗಳನ್ನು ಮರಳಿಸಲು ಆಡಳಿತ ಮಂಡಳಿ ಎರಡು ವರ್ಷ ಮೀನಮೇಷ ಎಣಿಸಿತು. ಕೊನೆಗೆ ಒಪ್ಪಿಗೆಗೆ ಮೊದಲು ಸಹಿ ಹಾಕಿದವರು, ಅಂದು ತಲೆ ಚಚ್ಚಿಕೊಂಡಿದ್ದ ಅದೇ ನಿರ್ದೇಶಕರು. ಮೇಡಂ ಅವರ ಸೇವೆಯ ಕೊನೆಯ ವಾರದಲ್ಲಿ ಏಳೂ ಹುಟ್ಟುಗಳು ಹಡಗು ಹತ್ತಿದವು.

ಮೇಡಂ ಅವರ ನಿವೃತ್ತಿಯ ಗೌರವಾರ್ಥ ನಾವು ತರುತ್ತಿರುವ ಈ ಅಭಿನಂದನ ಸಂಪುಟದ ಬಿಡುಗಡೆಯ ದಿನ ಮೇಡಂ ವೇದಿಕೆಯ ಮೇಲೆ ಇರುವುದಿಲ್ಲ. ಸನ್ಮಾನ ಸಮಿತಿಯವರು ಎರಡು ಸಲ ದಿನಾಂಕ ಬದಲಿಸಿ ಸೋತಿದ್ದಾರೆ. ಅವರು ಹೊರಟಿರುವುದು ಆ ದ್ವೀಪಕ್ಕೆ, ಉಳಿದ ಆರು ಹೆಸರುಗಳನ್ನು ಬರೆದುಕೊಳ್ಳಲು. "ಸನ್ಮಾನ ಬಂದ ಮೇಲೂ ಮಾಡಬಹುದು," ಎಂದು ಅವರು ಸಮಿತಿಗೆ ಹೇಳಿದರಂತೆ. ಆ ಆರೂ ಹೆಸರುಗಳನ್ನು ಬಲ್ಲವರು ಈಗ ದ್ವೀಪದಲ್ಲಿ ಉಳಿದಿರುವುದು ಒಬ್ಬರೇ, ಅಜ್ಜಿಯ ದೊಡ್ಡಣ್ಣ. ಅವರಿಗೆ ತೊಂಬತ್ತಮೂರು ವರ್ಷ.

ಆದ್ದರಿಂದ ನಮ್ಮ ಹಾರೈಕೆಯನ್ನು ಒಬ್ಬರಿಗೇ ಸಲ್ಲಿಸುವಂತಿಲ್ಲ. ಮೇಡಂ ಅವರಿಗೆ ಆಯುಸ್ಸೂ ಆರೋಗ್ಯವೂ ತುಂಬಿರಲಿ, ಅವರ ಪೆನ್ನಿಗೆ ಬಿಡುವಿಲ್ಲದಿರಲಿ. ಮತ್ತು ನಾವು ಕಂಡರಿಯದ ಆ ಹಿರಿಯರು, ಮೇಡಂ ಎದುರಿಗೆ ಕುಳಿತು ಆರನೆಯ ಹೆಸರನ್ನು ಹೇಳಿ ಮುಗಿಸಿ, ಆಮೇಲೂ ಬಹುಕಾಲ ಬಾಳಲಿ.