ವೆನಿಸ್ ಕಾಲುವೆಗೆ ಉಡಿ ತುಂಬಿದ್ದು

ಬಾಳಾಸಾಹೇಬರಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಸಮುದ್ರದ ಉಬ್ಬರ ಇಳಿತದ ಪಟ್ಟಿಯಲ್ಲಿತ್ತು. ಅಮೆರಿಕದ ಸ್ಯಾನ್ ಪೀಡ್ರೊ ಬಂದರಿನಲ್ಲಿ ಹೂಳೆತ್ತಿಸುವ ಇಂಜಿನಿಯರು ಅವರು. ಮನೆಗೆ ಬಂದವರು ಹರಕೆ, ಮುಡಿಪು ಎಂದು ಬಾಯಿ ತೆರೆದರೆ ಸಾಕು, ವಿಜ್ಞಾನದ ಪಾಠ ಶುರು. ಚಹಾ ಆರಿದರೂ ಪಾಠ ಮುಗಿಯುತ್ತಿರಲಿಲ್ಲ.

2005ರ ಜನವರಿಯಲ್ಲಿ ಈ ವಿಜ್ಞಾನಿಯ ಎದೆ ಸೀಳಿ ಬೈಪಾಸ್ ಮಾಡಿದರು. ಒಳಗೆ ಡಾಕ್ಟರು ತಮ್ಮ ಕೆಲಸ ಮಾಡುವಾಗ ಹೊರಗೆ ಹೆಂಡತಿ ಗುರುಶಾಂತವ್ವ ತಮ್ಮ ಕೆಲಸ ಮಾಡಿದರು: ಹೊಳೆಯ ತಾಯಿ ಗಂಗವ್ವನಿಗೆ ಖಣ, ಕಾಯಿ ಕೊಟ್ಟು ಉಡಿ ತುಂಬುತ್ತೇನೆಂದು ಹರಕೆ ಹೊತ್ತರು. ಗಂಡ ನೆಟ್ಟಗೆ ಮನೆಗೆ ಬಂದರು. ಹರಕೆ ತೀರಿಸಲು ಹರಿಯುವ ನೀರು ಬೇಕಿತ್ತು. ಕೃಷ್ಣೆ ಏಳು ಕಡಲಿನಾಚೆ. ಲಾಸ್ ಏಂಜಲೀಸ್‌ನ ನದಿಯೋ, ಕಾಂಕ್ರೀಟಿನ ಚರಂಡಿ. ಮೂರು ತಿಂಗಳು ಗುರುಶಾಂತವ್ವನಿಗೆ ಸರಿಯಾಗಿ ನಿದ್ದೆ ಇಲ್ಲ.

"ನೀರ ಬೇಕಲ್ಲ ನಿನಗ? ನಡಿ, ವೆನಿಸ್ ತೋರಿಸ್ತೀನಿ," ಎಂದು ಒಂದು ಭಾನುವಾರ ಬಾಳಾಸಾಹೇಬರು ದಾನಶೂರರಾದರು.

ಇಟಲಿಯದಲ್ಲ, ಫ್ರೀವೇ ಮೇಲೆ ನಲವತ್ತು ನಿಮಿಷದ ವೆನಿಸ್. ನೂರು ವರ್ಷದ ಹಿಂದೆ ಒಬ್ಬ ಸಾಹುಕಾರ ಕಡಲ ದಂಡೆಯಲ್ಲಿ ತೋಡಿಸಿದ ಕಾಲುವೆಗಳು. ಮುಚ್ಚಿ ರಸ್ತೆ ಮಾಡಿದ್ದು ಹೋಗಿ ಉಳಿದ ಐದಾರನ್ನು ಅಮೆರಿಕನ್ನರು ಐತಿಹಾಸಿಕ ಎನ್ನುತ್ತಾರೆ. ಬಾದಾಮಿಯಲ್ಲಿ ಬೆಳೆದ ದಂಪತಿಗೆ ನೂರು ವರ್ಷವೆಂದರೆ ಮೊನ್ನೆ ಮೊನ್ನೆ. ಆದರೂ ಇಬ್ಬರೂ ಸೇತುವೆ ಸೇತುವೆ ಹತ್ತಿಳಿದರು. ಬಾಳಾಸಾಹೇಬರು ಚೆಂದದ ಮನೆ, ಹೂವು, ದೋಣಿ ಒಂದನ್ನೂ ನೋಡದೆ ದಂಡೆಯ ಇಳಿಜಾರಿನ ಬಗ್ಗೆ ಭಾಷಣ ಮಾಡಿದರು. ಅವರ ಹಿಂದೆ ಇಳಕಲ್ ಸೀರೆ, ಸ್ಪೋರ್ಟ್ಸ್ ಶೂ ತೊಟ್ಟ ಗುರುಶಾಂತವ್ವ ಚೀಲ ಅವುಚಿಕೊಂಡು ನಡೆದರು.

ಹನ್ನೊಂದರ ಹೊತ್ತಿಗೆ ಒಂದು ಮೆಟ್ಟಿಲ ಬಳಿ ಕೂತು ಅರಿಷಿಣ ಕುಂಕುಮ ಏರಿಸಿ, ಗುಳೇದಗುಡ್ಡದ ಕುಪ್ಪಸದ ಖಣದಲ್ಲಿ ಕಟ್ಟಿದ ತೆಂಗಿನಕಾಯಿಯನ್ನು ನೀರಿಗೆ ಬಿಟ್ಟರು.

ಕಾಯಿ ಅಲ್ಲೇ ನಿಂತಿತು. ಒಂದು ಬಾತುಕೋಳಿ ಬಂದು ಕುಕ್ಕಿ ನೋಡಿ, ರುಚಿಸದೆ ಹೋಯಿತು.

"ಅಕಿ ಒಲ್ಲೆ ಅಂದ್ಲು," ಗುರುಶಾಂತವ್ವನ ಮುಖ ಸಣ್ಣದಾಯಿತು.

"ಅಕಿ ಅಂದಿಲ್ಲ, ನೀರ ನಿಂತದ." ಬಾಳಾಸಾಹೇಬರು ಕಿಸೆಯಿಂದ ಉಬ್ಬರ ಇಳಿತದ ಪಟ್ಟಿ ತೆಗೆದರು. "ಮಧ್ಯಾಹ್ನ ಎರಡೂ ಹತ್ತಕ್ಕ ಇಳಿತ ಚಾಲೂ ಆಗ್ತದ. ಆವಾಗ ಹೋಗ್ತದ ನೋಡ."

ಕಾಯುತ್ತ ಸೇತುವೆಯ ಮೇಲೆ ಕೂತರು. ರೊಟ್ಟಿ, ಶೇಂಗಾ ಚಟ್ನಿ ತಿಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಯ ಪಕ್ಕ ಮೂರು ತಾಸು ಕೂತದ್ದು ಅದೇ ಮೊದಲು. ಅದಕ್ಕೆ ಒಂದು ತೆಂಗಿನಕಾಯಿ ಬೇಕಾಯಿತು.

ಎರಡೂ ಇಪ್ಪತ್ತಕ್ಕೆ ಕಾಯಿ ಮೆಲ್ಲಗೆ ಅಲುಗಿ ಹೊರಟಿತು.

"ಹೊಂಟ್ತ ನೋಡ! ಹತ್ತ ನಿಮಿಷ ತಡಾ ಆತು, ಆದ್ರ ಹೊಂಟ್ತು!" ಸಮುದ್ರವನ್ನು ತಾವೇ ಕಟ್ಟಿಸಿದವರಂತೆ ಬೀಗಿದರು.

ಗುರುಶಾಂತವ್ವ ಕೈಮುಗಿದರು. ಕಣ್ಣಲ್ಲಿ ನೀರು. "ತಗೊಂಡ್ಲು ನಮ್ಮವ್ವ. ಇನ್ನ ನನಗ ಚಿಂತಿಲ್ಲ."

"ಚಿಂತಿ ಯಾಕ? ಇನ್ನ ಇಪ್ಪತ್ತ ವರ್ಷ ನನಗ ಏನೂ ಆಗಂಗಿಲ್ಲಂತ ಡಾಕ್ಟರ್ ಹೇಳ್ಯಾರಲ್ಲ."

"ನಾ ಬೇಡಿಕೊಂಡಿದ್ದು ಅಷ್ಟ ಅಲ್ಲರಿ. ಇವರನ್ನ ಉಳಸು, ಇವರಿಗಿಂತ ಮೊದಲ ನನ್ನ ಕರಕೋ ಅಂತ ಬೇಡಿಕೊಂಡೀನಿ. ಕುಂಕುಮ ಇಟಗೊಂಡ ಹೋಗಬೇಕು ನಾ."

ಈಗ ವಿಜ್ಞಾನದ ಪಾಠ ಶುರುವಾಗಬೇಕಿತ್ತು. ಆಗಲಿಲ್ಲ. ಬಾಳಾಸಾಹೇಬರು ಸೇತುವೆ ಇಳಿದು ದಂಡೆಗುಂಟ ಓಡಿದರು. ಓಡಬಾರದೆಂದು ಡಾಕ್ಟರು ಹೇಳಿದ್ದು ಅವರಿಗೂ ಗೊತ್ತಿತ್ತು. ಯಾರದೋ ದೋಣಿಯ ಹುಟ್ಟು ಕಿತ್ತುಕೊಂಡು, ಮೊಣಕಾಲೂರಿ, ಖಣದ ಗಂಟಿಗೆ ಸಿಕ್ಕಿಸಿ ಕಾಯಿಯನ್ನು ಎಳೆದರು. ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದ ಮನೆಯೊಡೆಯ ಏನಾಯಿತೆಂದು ಕೇಳಿದ.

ಏದುಸಿರು ಬಿಡುತ್ತ ಹಿಂದೆಯೇ ಬಂದ ಗುರುಶಾಂತವ್ವ ಕೈ ಚಾಚಿದರು. "ಕೊಡ್ರಿ ಇಲ್ಲೆ. ಬಿಟ್ಟ ಉಡಿ ಹೊಳ್ಳಿ ತಗೀಬಾರದು."

ನೀರಿಳಿಯುವ ಕಾಯಿಯನ್ನು ಬಾಳಾಸಾಹೇಬರು ಹೊಲಿಗೆ ಬಿದ್ದ ಎದೆಗೆ ಒತ್ತಿ ಹಿಡಿದಿದ್ದರು. ಬಿಡಲಿಲ್ಲ.

"ಇದನ್ನ ಬೇಡಿಕೊಳ್ಳೂ ಮೊದಲ ನನ್ನ ಒಂದ ಮಾತ ಕೇಳಿದ್ದಿ ಏನು? ನೀ ಇಲ್ದ ಆ ಇಪ್ಪತ್ತ ವರ್ಷ ತಗೊಂಡ ನಾ ಏನ್ ಮಾಡ್ಲಿ?"