ಹಗೇವಿಗೆ ನೀರು ಬಿಟ್ಟವರು

2023ರ ಮಳೆಗಾಲದ ಒಂದು ಬೆಳಿಗ್ಗೆ, ಆಳಂದದ ಹಳೇ ಪೇಟೆಯಲ್ಲಿ ನಾವು ನವೀಕರಿಸುತ್ತಿದ್ದ ವಾಡೆಯ, ಅಂದರೆ ಹಳೇ ದೊಡ್ಡಮನೆಯ, ಪಡಸಾಲೆ ಗೋಡೆ ಕುಸಿಯಿತು. ಯಾರಿಗೂ ಗಾಯವಾಗಲಿಲ್ಲ. ಕೆಲಸದ ಮೇಲ್ವಿಚಾರಣೆ ನನ್ನದಾಗಿತ್ತು.

ವಾಡೆ ಹಿಂದೆ ಧಾನ್ಯ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು, ಈಗ ಒಂದು ಟ್ರಸ್ಟಿನದು. ಎರಡು ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆಗಳು. ಮೇ ತಿಂಗಳಲ್ಲೂ ಫ್ಯಾನಿಲ್ಲದೆ ಒಳಗೆ ಕೂರಬಹುದಿತ್ತು. ಅದನ್ನು ಕೆಡವದೆ, ಕಡಿಮೆ ಸಿಮೆಂಟು, ಕಡಿಮೆ ಕರೆಂಟಿನಲ್ಲಿ ಇನ್ನಷ್ಟು ವರ್ಷ ಬಾಳುವಂತೆ ಮಾಡಬೇಕಿತ್ತು. ಒಳ್ಳೆಯ ಕೆಲಸ. ಈಗಲೂ ಹಾಗೇ ಅನ್ನುತ್ತೇನೆ.

ಪಡಸಾಲೆಯಲ್ಲಿ ಮಣ್ಣೂರ ಕಡೆಯ ವಿಧವೆಯೊಬ್ಬರು ಹನ್ನೊಂದು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದರು. ಕೆಲಸ ಮುಗಿದ ಕೂಡಲೇ ಅದೇ ಜಾಗ ಮರಳಿ ಕೊಡುವುದಾಗಿ ಟ್ರಸ್ಟಿನವರು ಬಾಯಿಮಾತಿನಲ್ಲಿ ಒಪ್ಪಿದ್ದರು. ಮಷೀನು ಎತ್ತಿಸುವಾಗ ಅವರು ನನ್ನನ್ನು ಕೇಳಿದರು: "ಅಣ್ಣಾರ, ಖರೇನ ತಿರುಗಿ ಕೊಡ್ತಾರೇನ್ರಿ?" ಕೊಡುತ್ತಾರೆ ಎಂದೆ.

ಪಡಸಾಲೆಯ ನೆಲದಡಿ ಹಗೇವು ಇತ್ತು. ಜೋಳ ತುಂಬಿಡಲು ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಕಲಬುರಗಿಯಿಂದ ಬಂದ ಎಂಜಿನಿಯರ್ ಅದರೊಳಗೆ ಟಾರ್ಚು ಬಿಟ್ಟು ನೋಡಿ, ಮಳೆನೀರು ಸಂಗ್ರಹಕ್ಕೆ ಟ್ಯಾಂಕು ತಯಾರೇ ಇದೆ ಎಂದರು. ಪ್ಲಾಸ್ಟಿಕ್ ಹಾಳೆ ಹಾಸಿ, ಮಾಳಿಗೆಯ ನೀರನ್ನು ಪೈಪಿನಲ್ಲಿ ಅದಕ್ಕೆ ಇಳಿಸುವುದೆಂದಾಯಿತು.

ಗಾರೆ ಕೆಲಸಕ್ಕೆ ಬಂದಿದ್ದ ಜೇವರ್ಗಿಯ ಹಿರಿಯ ಗೌಂಡಿ ಹಗೇವಿಗೆ ಇಳಿದು ನೋಡಿ ಬಂದರು.

"ಸಾಹೇಬ್ರ, ಹಸಿ ತಾಕಬಾರ್ದಂತ ಹಿರ್ಯಾರು ತೋಡಿದ್ದ ಜಾಗಾ ಇದು. ಇದ್ರಾಗ ನೀರ್ ಬಿಟ್ರ ಗ್ವಾಡಿ ಎದ್ದು ನಡೀತಾದ."

"ನೀ ಗ್ವಾಡಿಗೆ ಗಿಲಾಯಿ ಬಳಿಯೋ ಮಾರಾಯ. ನೀರಿಂದು ನಾ ನೋಡ್ಕೋತೇನಿ," ಎಂದರು ಎಂಜಿನಿಯರ್.

"ನೋಡ್ಕೋರಿ. ನಡಿಯೂಮುಂದ ಜರಾ ನನಗೂ ಹೇಳ್ರಿ, ಬದಿಗೆ ನಿಲ್ತೇನಿ."

ಗೌಂಡಿಯ ಆಕ್ಷೇಪವನ್ನು ಕೆಲಸದ ದಿನಚರಿಯಲ್ಲಿ ಬರೆದೆ. ತಪಾಸಣೆಗೆ ಬರುವವರಿಗೆ ಇದು ಯಾಕೆ ಕಾಣಬೇಕು ಎಂದು ಎಂಜಿನಿಯರ್ ಕೇಳಿದರು. ಆ ಸಾಲನ್ನು ಹೊಡೆದುಹಾಕಿದ್ದು ಅವರಲ್ಲ, ನಾನು.

ಮೂರು ದೊಡ್ಡ ಮಳೆ ಸಾಕಾದವು. ಹಾಳೆ ಹರಿದು, ನೀರು ತಳಪಾಯದ ಮಣ್ಣನ್ನು ಕರಗಿಸಿತ್ತು. ಎಂಜಿನಿಯರ್ ತಮ್ಮ ವರದಿಯಲ್ಲಿ ಕಟ್ಟಡ ಮೊದಲೇ ಶಿಥಿಲವಾಗಿತ್ತು ಎಂದು ಬರೆದರು. ಸುಳ್ಳು. ಕೆಲಸಕ್ಕೆ ಮುಂಚಿನ ಫೋಟೊಗಳು ನನ್ನಲ್ಲಿವೆ. ಆ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಫೋಟೊಗಳನ್ನು ಟ್ರಸ್ಟಿಗೆ ಕೊಟ್ಟೆ. ಹೊಡೆದುಹಾಕಿದ ಸಾಲಿನ ವಿಷಯವನ್ನೂ ಬರೆದುಕೊಟ್ಟೆ. ಟ್ರಸ್ಟಿನವರು ಎರಡನ್ನೂ ಕಡತಕ್ಕೆ ಸೇರಿಸಲಿಲ್ಲ. ಶಿಥಿಲ ಎಂಬ ಒಂದೇ ಮಾತು ಅವರಿಗೆ ಬೇಕಾಗಿತ್ತು. ಅದನ್ನೇ ಹಿಡಿದು ವಾಡೆಯ ಉಳಿದ ಗಟ್ಟಿ ಗೋಡೆಗಳನ್ನೆಲ್ಲ ಜೆಸಿಬಿ ತಂದು ಕೆಡವಿಸಿದರು. ಬಾಗಿಲ ಚೌಕಟ್ಟುಗಳನ್ನು ಟ್ರ್ಯಾಕ್ಟರಿನಲ್ಲಿ ಒಯ್ದವರು ಯಾರೆಂದು ಕೇಳಿದೆ. ಯಾರೂ ಹೇಳಲಿಲ್ಲ.

ಕೆಡವಿದ ದಿನ ಹೊಲಿಗೆಯವರು ಬಂದು ರಸ್ತೆಯಾಚೆ ನಿಂತಿದ್ದರು. ಮುಂದೆ ಅದೇ ಜಾಗಕ್ಕಾಗಿ ಅವರು ಟ್ರಸ್ಟಿಗೆ ಕೊಟ್ಟ ಅರ್ಜಿಯನ್ನು ಬರೆದದ್ದು ನಾನೇ.

ಈಗ ಅಲ್ಲಿ ಕಾಂಕ್ರೀಟಿನ ಆರು ಮಳಿಗೆಗಳಿವೆ. ಹಂಚಿಕೆಯ ಪಟ್ಟಿಯನ್ನು ಹೋದ ತಿಂಗಳು ಅಂಟಿಸಿದ್ದಾರೆ. ಅದರಲ್ಲಿ ಹೊಲಿಗೆಯವರ ಹೆಸರಿಲ್ಲ.