ಸ್ಪ್ರಿಂಗ್ ಬಿಡದ ಕೈ

ಎನಿಡ್ ಡಗಿನ್ಸ್ ತನ್ನ ಜೀವಮಾನದಲ್ಲಿ ಹೊಡೆದ ಮೊದಲ ಗುಂಡು ಬಿದ್ದದ್ದು ನನ್ನ ಬಕೆಟ್ಟಿಗೆ. ರೂಬಾರ್ಬ್ ದಂಟು ಎಳೆಯದಾಗಿ, ಕೆಂಪಗೆ ಬರಲಿ ಅಂತ ಮಾರ್ಚ್ ತಿಂಗಳಲ್ಲಿ ಗಿಡದ ಮೇಲೆ ತಗಡಿನ ಬಕೆಟ್ಟು ಬೋರಲು ಹಾಕುತ್ತೇನೆ. ಶನಿವಾರ ಮಧ್ಯಾಹ್ನ ಅದು ಠಣ್ ಎಂದಿತು. ನಮ್ಮಿಬ್ಬರ ಹಿತ್ತಲುಗಳ ನಡುವಿನ ಬೇಲಿಯಲ್ಲಿ ಒಂದು ಹಲಗೆ ಕಳಚಿ ಎರಡು ವರ್ಷ ಆಗಿತ್ತು. ಅದನ್ನು ಯಾರು ಹೊಡೆಸಬೇಕು ಎಂದು ಅವಳೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಗುಂಡು ಆ ಸಂದಿಯಿಂದಲೇ ಬಂದಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಹೊರಗೆ ಓಡಿದೆ.

"ಯಾರ್ರೀ ಹೊಡೆದಿದ್ದು?"

ಸಂದಿಯ ಆಚೆ ಎನಿಡ್ ನಿಂತಿದ್ದಳು. ಐವತ್ತೇಳರ ಹೆಂಗಸು, ತೆಳ್ಳಗೆ, ಬೂದು ಬಣ್ಣದ ಸ್ವೆಟರು, ಎರಡೂ ಕೈಯಲ್ಲಿ ಕಪ್ಪಗಿನ ಏರ್ ಪಿಸ್ತೂಲು. ಅದರ ಮೂತಿ ನೆಲ ನೋಡುತ್ತಿತ್ತು.

"ತಪ್ಪಾಯ್ತು, ಮಿಸೆಸ್ ಹೆಮಿಂಗ್. ನಾನು ಗುರಿ ಇಟ್ಟಿದ್ದು ಆ ಡಬ್ಬಿಗೆ."

ಡಬ್ಬಿ ಅವಳ ಕಲ್ಲಿದ್ದಲು ಕೋಣೆಯ ಬಾಗಿಲಿಗೆ ತೂಗುಹಾಕಿತ್ತು. ನನ್ನ ಬಕೆಟ್ಟಿಗೂ ಅದಕ್ಕೂ ಎಂಟು ಅಡಿ ದೂರ.

"ಡಬ್ಬಿ ಎಲ್ಲಿ, ನನ್ ಬಕೆಟ್ ಎಲ್ಲಿ! ನಾನಲ್ಲಿ ಬಗ್ಗಿ ನಿಂತಿದ್ರೆ ಗುಂಡು ಎಲ್ಲಿಗೆ ನೆಡ್ತಿತ್ತು ಅಂತ ಒಂದ್ಸಲ ಯೋಚ್ನೆ ಮಾಡಿದ್ರಾ?"

ಅವಳು ಯೋಚನೆ ಮಾಡಿದಳು, ನಿಜವಾಗಿಯೂ. ಆಮೇಲೆ "ಈಗ ಮಾಡ್ದೆ" ಎಂದಳು, ಮುಖ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಗೋಡೆ ಹಂಚಿಕೊಂಡವರು ನಾವು. 'ಚಳಿ ಜಾಸ್ತಿ', 'ಕಸದ ಗಾಡಿ ನಾಳೆ' ಬಿಟ್ಟು ಬೇರೆ ಮಾತು ಆಡಿದ್ದು ಅವತ್ತೇ ಮೊದಲು.

ಪಿಸ್ತೂಲನ್ನು ಅವಳು ಹಿಂದಿನ ದಿನ ಬಂದೂಕಿನ ಅಂಗಡಿಯಿಂದ ತಂದಿದ್ದಳಂತೆ, ಹಳೆಯದು. ಅಂಗಡಿಯವನು "ಅಣ್ಣನ ಮಗನಿಗಾ ಅಮ್ಮಾ?" ಎಂದು ಕೇಳಿದನಂತೆ. "ನನಗೇ" ಅಂದಳಂತೆ. ಆಗ ಅವನು ನಕ್ಕು, "ನಳಿಗೆ ಮಡಚಿ ಸ್ಪ್ರಿಂಗ್ ಎಳೀಬೇಕು, ಗಂಡಸರಿಗೇ ಕೈ ನೋಯತ್ತೆ" ಎಂದಿದ್ದಾನೆ. ಎನಿಡ್ ಅದನ್ನು ತೊಡೆಗೆ ಒತ್ತಿ, ಒಂದೇ ಏಟಿಗೆ ಮಡಚಿ ಕಟಕ್ ಎನಿಸಿ, ವಾಪಸ್ ಕೊಟ್ಟಿದ್ದಾಳೆ. ಅವನಿಗೇನು ಗೊತ್ತು! ಹದಿನೈದನೇ ವಯಸ್ಸಿಗೆ ಇಲ್ಲೇ ನಮ್ಮೂರು ರೆಡಿಚ್‌ನ ಸ್ಪ್ರಿಂಗ್ ಕಾರ್ಖಾನೆ ಸೇರಿದವಳು. ಅದು ಬಾಗಿಲು ಹಾಕುವವರೆಗೆ ಮೂವತ್ನಾಲ್ಕು ವರ್ಷ ತಂತಿ ಸುತ್ತಿದ್ದಾಳೆ.

"ಮನೆಗೆ ತಂದು ಪೆಟ್ಟಿಗೆ ತೆಗೆದ್ನಲ್ಲ, ಎಣ್ಣೆ ವಾಸನೆ ಬಂತು" ಎಂದಳು. "ನಮ್ ಬೆಂಚಿನ ಮೇಲೆ ಬರ್ತಿತ್ತಲ್ಲ, ಅದೇ. ಸುಮ್ನೆ ಮಡಿಲಲ್ಲಿ ಇಟ್ಕೊಂಡು ಕೂತ್ಬಿಟ್ಟೆ, ಮಿಸೆಸ್ ಹೆಮಿಂಗ್. ಟೀ ಕೂಡ ಮಾಡ್ಲಿಲ್ಲ. ಇಷ್ಟು ಭಾರ ಇರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಹೊಡೆದಾಗ ಒಳಗಿಂದ ಯಾರೋ ಗುದ್ದಿದ ಹಾಗೆ ಆಯ್ತು. ಮೊದ್ಲು ಮುಂದಕ್ಕೆ, ಆಮೇಲೆ ಹಿಂದಕ್ಕೆ."

"ಇದೆಲ್ಲ ಯಾಕೆ ಬೇಕಿತ್ತು ನಿಮಗೆ?"

ಅವಳು ಡಬ್ಬಿಯ ಕಡೆ ನೋಡಿದಳು. "ಮಂಗಳವಾರ ನಿಮ್ ಗಂಟೆ ಆಟಕ್ಕೆ ನನ್ನೂ ಸೇರಿಸ್ಕೋತೀರಾ ಅಂತ."

ವಿಷಯ ಅದು. 'ತ್ರೀ ನೀಡಲ್ಸ್' ಪಬ್ಬಿನ ಹಿಂದಿನ ಕೋಣೆಯಲ್ಲಿ ಮಂಗಳವಾರ ಸಂಜೆ ನಮ್ಮ ಪಿಸ್ತೂಲು ತಂಡ ಸೇರುತ್ತದೆ. ಆರು ಗಜ ದೂರದಲ್ಲಿ ಕಬ್ಬಿಣದ ತಟ್ಟೆ, ನಡುವೆ ಬೆರಳು ತೂರುವಷ್ಟು ತೂತು, ತೂತಿನ ಹಿಂದೆ ಗಂಟೆ. ಗುಂಡು ತೂರಿದರೆ ಗಂಟೆ ಬಾರಿಸುತ್ತದೆ, ತಪ್ಪಿದರೆ ತಟ್ಟೆಗೆ ಬಳಿದ ಬಿಳಿ ಬಣ್ಣದ ಮೇಲೆ ನಿಮ್ಮ ಮರ್ಯಾದೆ ಎಲ್ಲರಿಗೂ ಕಾಣುತ್ತದೆ. ನಾನು ಹತ್ತು ವರ್ಷದಿಂದ ಅದರ ಸೆಕ್ರೆಟರಿ. ಮುಚ್ಚಿದ ಕಾರ್ಖಾನೆಯವರು ಒಂದೆಡೆ ಸೇರುವುದು ಅಂತ ಉಳಿದಿರುವುದು ಅದೊಂದೇ ಜಾಗ.

"ಅದಕ್ಕೆ ಪಿಸ್ತೂಲ್ ಯಾಕೆ? ಬಂದು ಕೂತ್ಕೊಂಡು ಒಂದು ಗ್ಲಾಸ್ ಕುಡಿದು ಹೋಗಿ."

"ಒಬ್ಳೇ ಬಂದು ಸುಮ್ನೆ ಕೂರಕ್ಕೆ ಆಗಲ್ಲ ನನಗೆ. ಕೈಗೊಂದು ಕೆಲ್ಸ ಇದ್ರೆ ಕೂರ್ಬಹುದು."

ನಾನು ನಿಯಮ ಹೇಳಿದೆ. ಬೇಸಿಗೆ ಲೀಗಿಗೆ ಒಂದು ಜಾಗ ಖಾಲಿ ಇದೆ, ಏಪ್ರಿಲ್ ಕೊನೆಯ ಮಂಗಳವಾರ ಪರೀಕ್ಷೆ, ಐದು ಗುಂಡಿನಲ್ಲಿ ಮೂರು ಗಂಟೆ ಬಾರಿಸಬೇಕು. ಹೇಳುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಈ ಜನ್ಮದಲ್ಲಿ ಆಗುವ ಮಾತಲ್ಲ.

ಮರುದಿನವೇ ಅವಳು ಬೇಲಿಗೆ ಹಲಗೆ ಹೊಡೆದಳು. ಡಬ್ಬಿಯ ಹಿಂದೆ ಹಳೆಯ ಬಾಗಿಲೊಂದನ್ನು ನಿಲ್ಲಿಸಿದಳು. ಅಂದಿನಿಂದ ದಿನಾ ಸಂಜೆ ಐದಕ್ಕೆ ಧಪ್, ಸ್ವಲ್ಪ ಹೊತ್ತು ಬಿಟ್ಟು ಧಪ್. ನಾನು ಮಹಡಿಯಲ್ಲಿ ಇಸ್ತ್ರಿ ಮಾಡುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಗುಂಡುಗಳು ಬಾಗಿಲ ತುಂಬ, ಡಬ್ಬಿ ಒಂದನ್ನು ಬಿಟ್ಟು.

ನೋಡುತ್ತಾ ನೋಡುತ್ತಾ ಬೇರೆಯದೂ ಕಂಡಿತು. ಅವಳ ಮನೆಗೆ ಯಾರೂ ಬರುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳ ತಾಯಿ ಹೋದ ಮೇಲೆ ಆ ಬಾಗಿಲು ತಟ್ಟಿದವರು ಗ್ಯಾಸ್ ಮೀಟರಿನವನು, ಅಂಚೆಯವನು, ಅಷ್ಟೇ. ತಂತಿಯ ಮೇಲೆ ಒಂದೇ ಟವೆಲು, ಒಂದೇ ದಿಂಬಿನ ಕವರು. ಕಟುಕನ ಅಂಗಡಿಯಲ್ಲಿ ಅವಳು "ಒಂದು ಚಾಪ್" ಎನ್ನುವುದನ್ನು ಎಷ್ಟೋ ಸಲ ಕೇಳಿ, ನನ್ನ ಸರದಿಗಾಗಿ ಚಡಪಡಿಸಿದ್ದೆನೇ ಹೊರತು ಇನ್ನೇನೂ ಅನ್ನಿಸಿರಲಿಲ್ಲ. ಒಂಟಿತನ ಪಕ್ಕದ ಮನೆಯಲ್ಲಿದ್ದರೆ ಸದ್ದು ಮಾಡುವುದಿಲ್ಲ ನೋಡಿ, ನಮಗೆ ಅನುಕೂಲ.

ಮೂರನೇ ವಾರ ತಡೆಯಲಾರದೆ ಬೇಲಿಯ ಹತ್ತಿರ ಹೋದೆ.

"ಮಿಸ್ ಡಗಿನ್ಸ್, ಅದನ್ನ ಕತ್ತು ಹಿಸುಕಿದ ಹಾಗೆ ಹಿಡ್ಕೊಂಡಿದೀರಿ! ಬೆರಳೆಲ್ಲ ಬೆಳ್ಳಗಾಗಿದೆ."

"ಬಿಗಿಯಾಗಿ ಹಿಡಿದ್ರೂ ಕುಣಿಯತ್ತೆ. ಇನ್ನೂ ಬಿಗಿಯಾಗಿ ಹಿಡೀಬೇಕೇನೋ."

"ಅಯ್ಯೋ, ಉಲ್ಟಾ! ಸ್ಪ್ರಿಂಗಿನ ಪಿಸ್ತೂಲು ಗುಂಡು ಹೊರಗೆ ಹೋಗೋ ಮುಂಚೆನೇ ಕುಣಿಯತ್ತೆ. ನೀವು ತಡೆದಷ್ಟೂ ಅದು ಗುರಿ ಬಿಟ್ಟು ಓಡತ್ತೆ. ಸಡಿಲ ಬಿಡಿ. ತುಂಬಿದ ಟೀ ಕಪ್ಪು ಹಿಡೀತೀರಲ್ಲ, ಹಾಗೆ. ಕುಣಿಯೋದು ಕುಣೀಲಿ."

ಎನಿಡ್ ತಲೆ ಅಲ್ಲಾಡಿಸಿದಳು. "ಎಳೆದ ಸ್ಪ್ರಿಂಗ್ ಮೇಲೆ ಕೈ ಸಡಿಲ ಬಿಡಬಾರ್ದು. ಸೇರಿದ ಮೊದಲ್ನೇ ದಿನಾನೇ ಹೇಳಿಕೊಟ್ಟಿದ್ರು. ನನ್ ಪಕ್ಕದ ಬೆಂಚಿನ ಹುಡುಗಿ ಒಂದ್ಸಲ ಬಿಟ್ಲು, ಕಣ್ಣೇ ಹೋಯ್ತು. ನನ್ ಕೈ ಕೇಳಲ್ಲ, ಮಿಸೆಸ್ ಹೆಮಿಂಗ್."

ಕಾರ್ಖಾನೆಯ ಹಳಬರು ನಮ್ಮ ತಂಡಕ್ಕೆ ಬಂದಾಗೆಲ್ಲ ಇದೇ ಕಥೆ. ಸ್ಪ್ರಿಂಗ್ ಗೊತ್ತಿಲ್ಲದ ನನ್ನಂಥ ಶಾಲೆಯ ಅಡಿಗೆಯವಳು ವಾರದಲ್ಲಿ ಕಲಿತದ್ದನ್ನು ಅವರು ವರ್ಷಗಟ್ಟಲೆ ಕಲಿಯುವುದಿಲ್ಲ. ಆದರೆ ಬೇರೆಯವರಿಗೆ ಮಂಗಳವಾರ ಕೈತಪ್ಪಿದರೆ ಬುಧವಾರ ಇತ್ತು. ಇವಳಿಗೆ ಇರಲಿಲ್ಲ, ಅದು ನನಗೆ ಆ ಹೊತ್ತಿಗೆ ಚೆನ್ನಾಗಿಯೇ ತಿಳಿದಿತ್ತು.

ಪರೀಕ್ಷೆಯ ದಿನ ಅವಳು ಒಳ್ಳೆಯ ಕೋಟು ಹಾಕಿಕೊಂಡು ಬಂದಳು, ಕೂದಲಿಗೆ ಕ್ಲಿಪ್ಪು. ಕೋಣೆಯಲ್ಲಿ ಹದಿನೈದು ಜನ. ತಂಡದ ನಾಯಕ ಕ್ಲಿಫ್ ಬೇಲಿಸ್, ಒಂದು ಕಾಲದಲ್ಲಿ ಅವಳ ಬೆಂಚಿನ ಎದುರಿಗೇ ಕೆಲಸ ಮಾಡಿದವನು, ತಟ್ಟೆಗೆ ಬ್ರಷ್ಷಿನಿಂದ ಬಿಳಿ ಬಳಿದು ಪಕ್ಕಕ್ಕೆ ಸರಿದ.

"ಬಾ ಎನಿಡ್. ಎಂಟು ವರ್ಷ ಎಲ್ ಬಚ್ಚಿಟ್ಕೊಂಡಿದ್ದೆ?"

"ಮನೇಲಿ" ಎಂದಳು ಎನಿಡ್.

ಮೊದಲ ಗುಂಡು ತಟ್ಟೆಯ ಅಂಚಿಗೆ. ಎರಡನೆಯದು ತಟ್ಟೆಗೂ ಇಲ್ಲ, ಹಿಂದಿನ ಹಲಗೆಗೆ.

"ಗಂಟೆ ಆ ಕಡೆ ಇಲ್ಲಮ್ಮಾ, ನಡುವೆ ಇದೆ!" ಯಾರೋ ಕೂಗಿದರು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ನಮ್ಮಲ್ಲಿ ಎಲ್ಲರಿಗೂ ಹಾಗೇ. ಆದರೆ ಅವಳಿಗೆ ಅದು ಅಭ್ಯಾಸವಿರಲಿಲ್ಲ. ಇನ್ನು ಒಂದೂ ತಪ್ಪುವಂತಿರಲಿಲ್ಲ. ಅವಳು ಪಿಸ್ತೂಲು ಮೇಜಿನ ಮೇಲಿಟ್ಟಳು. ಹೊರಟೇಬಿಡುತ್ತಾಳೆ ಅಂದುಕೊಂಡೆ.

ಹೊರಡಲಿಲ್ಲ. ಬಲಗೈಯನ್ನು ಎಡಗೈಯಿಂದ ಹಿಡಿದು ಒಂದೊಂದೇ ಬೆರಳು ಬಿಡಿಸಿದಳು, ಹೊಲಿಗೆ ಬಿಚ್ಚುವ ಹಾಗೆ ನಿಧಾನವಾಗಿ. ಮತ್ತೆ ನಳಿಗೆ ಮಡಚಿದಳು, ಗುಂಡು ಇಟ್ಟಳು. ಕಣ್ಣು ಒಂದು ಕ್ಷಣ ಗಟ್ಟಿಯಾಗಿ ಮುಚ್ಚಿದ್ದನ್ನು ನಾನು ಕಂಡೆ. ಕಣ್ಣು ಕಳೆದುಕೊಂಡ ಆ ಹುಡುಗಿ ನೆನಪಾಗಿರಬೇಕು. ಕಣ್ಣು ತೆರೆದು, ಪಿಸ್ತೂಲು ಬಿದ್ದೇಹೋಗುತ್ತದೇನೋ ಎನ್ನುವಷ್ಟು ಸಡಿಲವಾಗಿ ಹಿಡಿದು ಹೊಡೆದಳು. ಪಿಸ್ತೂಲು ಕೈಯಲ್ಲಿ ಕುಣಿಯಿತು, ಗಂಟೆ ಬಾರಿಸಿತು.

ನಾಲ್ಕನೆಯದಕ್ಕೂ ಗಂಟೆ. ಐದನೆಯದಕ್ಕೆ ಕ್ಲಿಫ್ ಬ್ರಷ್ಷು ಹಿಡಿದು ಉಸಿರು ಬಿಗಿಹಿಡಿದಿದ್ದ. ಗಂಟೆ ಬಾರಿಸಿದ್ದೇ ತಡ, ಬಣ್ಣದ ಕೈಯಿಂದಲೇ ಅವಳ ಬೆನ್ನು ತಟ್ಟಿದ. ಒಳ್ಳೆಯ ಕೋಟಿನ ಮೇಲೆ ಐದೂ ಬೆರಳು ಬಿಳಿಯಾಗಿ ಮೂಡಿದವು.

"ಅಯ್ಯೋ, ಕೋಟು!" ಎಂದ ಕ್ಲಿಫ್.

"ಇರ್ಲಿ, ಇರ್ಲಿ ಬಿಡು" ಎಂದಳು ಎನಿಡ್. ನಗುತ್ತಿದ್ದಳು.

ಹ್ಯಾಮ್ ಬನ್ನು, ಉಪ್ಪಿನಕಾಯಿ ಹಾಕಿದ ಈರುಳ್ಳಿ ಬಂದವು. ಎನಿಡ್‌ಗೆ ಎಲ್ಲರೂ ತಮ್ಮ ನಡುವೆ ಜಾಗ ಮಾಡಿದರು. ನಾನು ಲೀಗಿನ ಕಾರ್ಡು ತಂದು ಅವಳ ಮುಂದಿಟ್ಟೆ. ಹೆಸರು, ವಿಳಾಸ, ಹುಟ್ಟಿದ ದಿನ, ದುಂಡಗಿನ ಅಕ್ಷರದಲ್ಲಿ ತುಂಬುತ್ತಾ ಬಂದವಳು ಒಂದು ಕಡೆ ನಿಂತಳು. 'ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು?'

"ಇದೊಂದು ಖಾಲಿ ಬಿಡ್ಬಹುದಾ?" ಸಣ್ಣ ದನಿಯಲ್ಲಿ ಕೇಳಿದಳು.

"ಬಿಟ್ರೆ ಲೀಗಿನೋರು ವಾಪಸ್ ಕಳಿಸ್ತಾರೆ."

ಅವಳು ಪೆನ್ನು ಹಿಡಿದು ಕೂತಳು. ಪಕ್ಕದಲ್ಲಿ ಕ್ಲಿಫ್ ಏನೋ ಜೋಕು ಹೇಳುತ್ತಿದ್ದ.

"ನನ್ ಹೆಸ್ರು ಬರೀರಿ" ಎಂದೆ.

"ಬರೀಬಹುದಾ? ನಿಮಗೆ ತೊಂದರೆ ಆಗಲ್ವಾ?" ಮಿಸೆಸ್ ಎಂದು ಬರೆದು ತಲೆ ಎತ್ತಿದಳು. "ಕ್ಷಮಿಸಿ, ಹೆಮಿಂಗ್ ಅಂತ ಗೊತ್ತು. ನಿಮ್ ಹೆಸರೇನು?"

"ಮರ್ಲೀನ್."

"ಚೆನ್ನಾಗಿದೆ" ಎಂದು ಬರೆದುಕೊಂಡಳು. ಅದರ ಕೆಳಗಿನ ಸಾಲನ್ನೂ, ಈ ಸಲ ನಿಲ್ಲದೆ, ತುಂಬಿ ಕಾರ್ಡು ನನ್ನ ಕೈಗೆ ಕೊಟ್ಟು, ಬನ್ನು ಎತ್ತಿಕೊಂಡು ಕ್ಲಿಫ್‌ನ ಕಡೆ ತಿರುಗಿದಳು.

ಕೆಳಗಿನ ಸಾಲು 'ಅವರಿಗೂ ನಿಮಗೂ ಇರುವ ಸಂಬಂಧ'. ಅದರ ಎದುರು, ಅದೇ ದುಂಡಗಿನ ಅಕ್ಷರದಲ್ಲಿ, 'ಏನೂ ಇಲ್ಲ' ಎಂದಿತ್ತು.

ನನ್ನನ್ನು ಚುಚ್ಚಲು ಬರೆದದ್ದಲ್ಲ, ಅವಳಿಗೆ ಆ ಬುದ್ಧಿಯೇ ಇಲ್ಲ. ಕೇಳಿದ್ದಕ್ಕೆ ನಿಜ ಬರೆದಿದ್ದಳು. ಅದನ್ನು ಹೊಡೆದುಹಾಕಿ 'ಗೆಳತಿ' ಎಂದು ಬರೆಯಲು ಪೆನ್ನು ತೆಗೆದೆ. ಹಾಗೆ ತಿದ್ದಲು ನನಗೆ ಮುಖವಿರಲಿಲ್ಲ. ಇದ್ದದ್ದು ಇದ್ದ ಹಾಗೇ ಲಕೋಟೆಗೆ ಹಾಕಿ ಅಂಟಿಸಿದೆ.